ಸೊಸೆಯ ಹೆಸರು, ಮಾವನ ಮಾತು

ಐರ್ಲೆಂಡಿನ ಡಬ್ಲಿನ್ ಪಕ್ಕದ ಆಡಮ್ಸ್‌ಟೌನಿನ ಆ ಮನೆಯಲ್ಲಿ ಬೆಳಗಿನ ದೀಪ ಹಚ್ಚುವ ಮೊದಲು ಹೊಗೆಯ ಅಲಾರಮ್ಮಿಗೆ ಸ್ನಾನದ ಟೋಪಿ ತೊಡಿಸಬೇಕಿತ್ತು. ಊರಿಂದ ಬಂದ ಮೊದಲ ಸೋಮವಾರ ಸಾವಿತ್ರಮ್ಮ ಮಾದಪ್ಪನಿಗೆ ಸಾಂಬ್ರಾಣಿ ಹಾಕಿದಾಗ ಅದು ಕಿರುಚಿಕೊಂಡು, ಪಕ್ಕದ ಮನೆಯಾಕೆ ಬರಿಗಾಲಲ್ಲಿ ಬಂದು ಬಾಗಿಲು ಬಡಿದಿದ್ದರು. ಅಂದಿನಿಂದ ಟೋಪಿ ಹಾಕುವುದು ಗಂಡ ಚಾಮರಾಜರ ಕೆಲಸ. ಸ್ಟೂಲು ಹತ್ತಿ, ಸೂರಿನ ಬಿಳಿ ಡಬ್ಬಿಗೆ ಪ್ಲಾಸ್ಟಿಕ್ಕಿನ ಟೋಪಿ ಏರಿಸಿ, ಮಂಡಿ ಹಿಡಿದುಕೊಂಡು ಇಳಿದು, "ಹೂಂ, ಹಚ್ಚು" ಅನ್ನುವರು. ದೀಪ ಹತ್ತುವುದು. ಹೋದ ಊರಿನ ಕಟ್ಟಳೆಗೆ ದೇವರೂ ಒಂದಿಷ್ಟು ಒಗ್ಗಿಕೊಳ್ಳುತ್ತಾನೆ ಎಂದು ಸಾವಿತ್ರಮ್ಮನಿಗೆ ಸಮಾಧಾನ.

ಇಬ್ಬರೂ ಹನೂರಿನ ಕಡೆಯವರು. ಮಗ ಶಶಾಂಕ ಇಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ. ಸೊಸೆ ಅರ್ಪಿತಾ ಬ್ಯೂಮಾಂಟಿನ ದೊಡ್ಡಾಸ್ಪತ್ರೆಯಲ್ಲಿ ನರ್ಸ್. ಮೊಮ್ಮಗಳು ಹರ್ಷಿತಾ ಇಲ್ಲೇ ಹುಟ್ಟಿದವಳು. ತಾತನ ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಈ ಊರಿನ ರಾಗದ ಇಂಗ್ಲಿಷಿನಲ್ಲಿ ಬರುತ್ತಿತ್ತು. ಚಳಿ ಬಲಿಯುವವರೆಗೆ ಇದ್ದು ಹೋಗಲೆಂದು ಮಗ ಅಪ್ಪ ಅಮ್ಮನನ್ನು ಕರೆಸಿಕೊಂಡಿದ್ದ.

ಚಾಮರಾಜರು ದುಡಿದಷ್ಟು ಕಾಲವೂ ಬಸ್ ಸ್ಟ್ಯಾಂಡಿನ ಕಂಟ್ರೋಲ್ ರೂಮಿನಲ್ಲಿ ಕಂಟ್ರೋಲರಾಗಿ ಮೈಕಿನ ಮುಂದೆ ಕೂತವರು. ಯಾವ ಊರಿನ ಬಸ್ಸು ಎಲ್ಲಿ ನಿಂತಿದೆ, ಯಾವುದು ಕೆಟ್ಟಿದೆ ಎಂದು ಹೇಳುವುದು ಕೆಲಸ. ಬಸ್ಸು ತಡವಾದಾಗ ಕಾಯುವವರಿಗೆ ಪೇಪರು ಓದಿ ಹೇಳುವುದು ಅವರೇ ಅಂಟಿಸಿಕೊಂಡ ಅಭ್ಯಾಸ. ನಿವೃತ್ತಿಯಾದ ಮೇಲೂ ದನಿ ಇಳಿದಿರಲಿಲ್ಲ.

"ಪ್ರಯಾಣಿಕರ ಗಮನಕ್ಕೆ," ಎಂದರು, ತಿಂಡಿಯ ಹೊತ್ತಿಗೆ ಟ್ಯಾಬ್ಲೆಟ್ಟನ್ನು ಉಪ್ಪಿನಕಾಯಿ ಬಾಟಲಿಗೆ ಒರಗಿಸಿ. "ಅಮೆರಿಕದಲ್ಲಿ ಬಜೆಟ್ಟು ಪಾಸಾಗದೆ ಸರ್ಕಾರಿ ಆಫೀಸುಗಳು ಬಾಗ್ಲಾಕ್ಕಂಡವೆ."

"ಬಾಗ್ಲಾಕಿದ್ರೆ ಸಂಬಳ?" ಸಾವಿತ್ರಮ್ಮ ಹೆಂಚಿನ ಮೇಲೆ ಅಕ್ಕಿ ರೊಟ್ಟಿ ತಿರುವಿದರು.

"ಅದನ್ನೇ ನಾನೂ ಕೇಳ್ದೆ. ಆಮೇಲೆ ಕೊಡ್ತಾರಂತೆ. ಅಲ್ಲೀವರ್ಗೂ ಅಂಗಡಿಯೋನು ಸಾಲ ಕೊಡಲ್ವಂತೆ."

"ಪಾಪ. ಮತ್ತೆ ಮನೇಲಿ ಏನ್ ಮಾಡ್ಕಂಡ್ ತಿಂತಾವ್ರೆ ಕೇಳಿ."

ಯಾರನ್ನು ಕೇಳಿದ್ದು, ಯಾರನ್ನು ಕೇಳಬೇಕು ಎಂದು ಮಗ ವಿಚಾರಿಸಬಹುದಿತ್ತು. ಶಶಾಂಕನ ಕಿವಿಯಲ್ಲಿ ಆಗಲೇ ಮೀಟಿಂಗು ಮಾತಾಡುತ್ತಿತ್ತು. ಅರ್ಪಿತಾ ಕಾರಿನ ಕೀ ಹುಡುಕುತ್ತಿದ್ದಳು. ಹರ್ಷಿತಾ ರೊಟ್ಟಿಗೆ ಬೆಣ್ಣೆ ಬಳಿದು ಶಾಲೆಯ ಚೀಲಕ್ಕೆ ತುರುಕಿಕೊಂಡಳು. ಮುಚ್ಚಿಡುವಂಥದ್ದು ಆ ಮನೆಯಲ್ಲಿ ಏನೂ ಇರಲಿಲ್ಲ. ಕೇಳಿಸಿಕೊಳ್ಳುವವರು ಇರಲಿಲ್ಲ, ಅಷ್ಟೆ.

ಆ ಟ್ಯಾಬ್ಲೆಟ್ಟು ಅರ್ಪಿತಾಳ ಹಳೆಯದು. ಕನ್ನಡ ಸುದ್ದಿ ನೋಡಿಕೊಳ್ಳಲಿ ಎಂದು ಮಾವನಿಗೆ ಕೊಟ್ಟಿದ್ದಳು. ಅದರಲ್ಲಿ ಅವರಿಗೆ ಒಂದು ಚರ್ಚೆಯ ಪುಟ ಸಿಕ್ಕಿತು. ಅಮೆರಿಕದ ರಾಜಕೀಯ ಮತ್ತು ಲೋಕದ ಸುದ್ದಿಯನ್ನು ದಿನಾ ಬೆಳಗ್ಗೆ ಯಾರೋ ಒಬ್ಬರು ಅಲ್ಲಿ ಹಾಕುವರು, ಅದರ ಕೆಳಗೆ ಊರೂರಿನ ಜನ ಬಾಯಿಗೆ ಬಂದದ್ದು ಬರೆಯುವರು. ದೊಡ್ಡ ಮನುಷ್ಯರಲ್ಲ. ಗ್ಯಾರೇಜಿನವರು, ಮೇಷ್ಟ್ರು, ಮನೆಯಲ್ಲಿರುವ ಹೆಂಗಸರು, ಕಾಲು ಮುರಿದುಕೊಂಡು ಮಲಗಿದ್ದ ಒಬ್ಬ ಬಡಗಿ. ಚಾಮರಾಜರಿಗೆ ಬಸ್ ಸ್ಟ್ಯಾಂಡೇ ಕಂಡಂತಾಯಿತು. ಡಿಪೋಗೆ ರಿಪೋರ್ಟು ಬರೆದು ಬರೆದು ಕಲಿತ ಇಂಗ್ಲಿಷು ಕೈಯಲ್ಲಿತ್ತು. ಬರೆಯತೊಡಗಿದರು.

ಅವರದು ಒಂದು ಕ್ರಮ. ಮೊದಲು ಊಟ ಆಯಿತೇ ಎಂದು ಕೇಳುವರು. ಆಮೇಲೆ ಯಾವ ಊರು, ಮನೆಯಲ್ಲಿ ಎಷ್ಟು ಜನ, ಮಳೆ ಹೇಗಿದೆ ಎನ್ನುವರು. ಅದೆಲ್ಲ ಆದ ಮೇಲೆ, ಇಂಥ ಪಕ್ಷಕ್ಕೆ ಯಾಕೆ ಓಟು ಹಾಕಿದಿರಿ ಎಂಬ ಪ್ರಶ್ನೆ. ಒಬ್ಬ, "ನಿನಗ್ಯಾಕೆ ಬೇಕು?" ಎಂದು ಬರೆದ. "ತಿಳ್ಕೊಳ್ಳೋಕೆ," ಎಂದು ಇವರು ಬರೆದರು. ಇನ್ನೊಬ್ಬ, "ಇದು ಬಾಟ್," ಎಂದ.

"ಮಗಾ, ಬಾಟ್ ಅಂದ್ರೇನು?"

"ರೋಬಾಟ್, ತಾತ. ನಾಟ್ ಎ ರಿಯಲ್ ಪರ್ಸನ್," ಎಂದಳು ಹರ್ಷಿತಾ, ಹೋಮ್‌ವರ್ಕಿನಿಂದ ತಲೆಯೆತ್ತದೆ.

ಚಾಮರಾಜರು ಯೋಚಿಸಿ, ತಮಗೆ ಮಂಡಿನೋವಿದೆ, ಇಡೀ ಆಯಸ್ಸು ಬಸ್ ಸ್ಟ್ಯಾಂಡಿನಲ್ಲಿ ಕಳೆದವನು ತಾನು ಎಂದು ಆ ಮನುಷ್ಯನಿಗೆ ವಿವರವಾಗಿ ಬರೆದರು.

ಆ ಪುಟದಲ್ಲಿ ಡಾರ್ಲೀನ್ ಎಂಬಾಕೆ ಸಿಕ್ಕಳು. ನೆಬ್ರಾಸ್ಕಾದ ಒಂದು ಸಣ್ಣ ಊರಿನಲ್ಲಿ ಶಾಲೆ ಬಸ್ಸು ಓಡಿಸುವವಳು. ಮೊದಲ ದಿನ ಆಮದು ಸುಂಕದ ವಿಚಾರಕ್ಕೆ ಇಬ್ಬರಿಗೂ ಜಟಾಪಟಿ. ಎರಡನೆಯ ದಿನ ಆಕೆ ಬಸ್ಸಿನವಳು ಎಂದು ಗೊತ್ತಾಯಿತು. ಸುಂಕ ಪಕ್ಕಕ್ಕೆ ಸರಿಯಿತು. ಹಿಮದಲ್ಲಿ ಬ್ರೇಕು ಹೇಗೆ, ಡೀಸೆಲ್ಲು ಗಟ್ಟಿಯಾದರೆ ಏನು ಮಾಡುತ್ತೀರಿ, ಮಕ್ಕಳು ಜಗಳ ಆಡಿದರೆ ಗಾಡಿ ನಿಲ್ಲಿಸುತ್ತೀರಾ ಎಂದು ಇವರು. ನಿಮ್ಮಲ್ಲಿ ಬಸ್ಸಿನ ಮೇಲೆ ಕುರಿ ಹಾಕುತ್ತಾರಂತೆ, ಹೌದಾ ಎಂದು ಅವಳು.

"ಹೌದು ಅನ್ನಿ. ಅದಕ್ಕೂ ಟಿಕೆಟ್ಟು ಅನ್ನಿ," ಎಂದರು ಸಾವಿತ್ರಮ್ಮ, ಕೇಲ್ ಸೊಪ್ಪು ಸೋಸುತ್ತ. ಈ ಊರಿನ ಸೊಪ್ಪುಗಳಲ್ಲಿ ಉಪ್ಸಾರಿಗೆ ಒಪ್ಪುವುದು ಅದೊಂದೇ ಎಂದು ಅವರು ತೀರ್ಮಾನಿಸಿದ್ದರು. "ಆಕೆ ಗಂಡ ಏನ್ ಮಾಡ್ತಾನೆ?"

"ಇಲ್ವಂತೆ. ತೀರ್ಕಂಡ."

"ಅಯ್ಯೋ. ನಾಳೆ ಮೊದ್ಲು ಅವ್ಳನ್ನ ಊಟ ಆಯ್ತಾ ಕೇಳಿ. ಆಮೇಲೆ ಮಿಕ್ಕೋರನ್ನ."

ಅಕ್ಟೋಬರಿನ ಕೊನೆಗೆ ಡಾರ್ಲೀನ್ ಒಂದು ಕಷ್ಟ ಬರೆದಳು. ಮಕ್ಕಳು ಕಡಿಮೆ, ಖರ್ಚು ಹೆಚ್ಚು ಎಂದು ಅವಳ ರೂಟನ್ನೇ ನಿಲ್ಲಿಸುವ ಮಾತು ನಡೆದಿತ್ತು. ಶಾಲೆಯ ಮಂಡಳಿ ಸಭೆ ಕರೆದಿತ್ತು. ದೂರದ ಹೊಲದ ಮನೆಗಳ ಮಕ್ಕಳು ಇನ್ನು ಹೇಗೆ ಬರಬೇಕು?

ಚಾಮರಾಜರ ಮೈಯಲ್ಲಿ ಹಳೆಯ ರಕ್ತ ಓಡಿತು. ರೂಟು ನಿಲ್ಲಿಸುವುದು ಅವರಿಗೆ ಹೊಸ ಸುದ್ದಿಯಲ್ಲ. ಬರೆದರು: ಸಭೆಗೆ ತಾಯಂದಿರನ್ನು ಮಕ್ಕಳ ಸಮೇತ ಕರೆದುಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರಿಸು. ಆಗಲಿಲ್ಲವೋ, ಊರವರೆಲ್ಲ ರಸ್ತೆಗೆ ಅಡ್ಡ ಕೂತುಬಿಡಿ. ಒಂದು ಗಾಡಿಯನ್ನೂ ಬಿಡಬೇಡಿ. ಅಧಿಕಾರಿ ಬಂದು ಬರವಣಿಗೆಯಲ್ಲಿ ಕೊಡುವವರೆಗೆ ಏಳಬೇಡಿ. ನಮ್ಮ ಕಡೆ ಹೀಗೇ ಮಾಡುವುದು, ಸಾಮಾನ್ಯವಾಗಿ ಸಂಜೆಯೊಳಗೆ ಬಸ್ಸು ಬರುತ್ತದೆ.

ಬರೆದು, ಪುಟ ಮುಚ್ಚಿ, ಕಸದ ಹಸಿರು ಬಿನ್ನನ್ನು ರಸ್ತೆಗೆ ಎಳೆದಿಟ್ಟು ಬಂದು ತೃಪ್ತಿಯಿಂದ ಕಾಫಿ ಕುಡಿದರು.

*

ಅದೇ ವಾರ ಅರ್ಪಿತಾ ಅಮೆರಿಕದ ವೀಸಾಕ್ಕೆ ಅರ್ಜಿ ಹಾಕಿದಳು. ಓಹಾಯೋದ ಒಂದು ಆಸ್ಪತ್ರೆಯಲ್ಲಿ ಲಕ್ವ ಹೊಡೆದವರಿಗೆ ಮಾತು, ನುಂಗುವುದು ಎರಡನ್ನೂ ಮತ್ತೆ ಕಲಿಸುವ ತರಬೇತಿ. ಅವಳ ವಾರ್ಡಿನಿಂದ ಈ ಸಲ ಕಳಿಸುತ್ತಿದ್ದುದು ಅವಳೊಬ್ಬಳನ್ನೇ. ಅವಳ ಅಮ್ಮನಿಗೆ ಲಕ್ವವಾದಾಗ ಮಾತು ಬಿದ್ದುಹೋಗಿತ್ತು. ಮಗಳು ಡಬ್ಲಿನ್ನಿಂದ ಊರು ಮುಟ್ಟಿದಾಗ ಆಕೆ ತುಟಿ ಅಲ್ಲಾಡಿಸಿದರು, ಅಷ್ಟೆ. ಏನು ಹೇಳಹೊರಟಿದ್ದರೋ ಇವತ್ತಿಗೂ ಗೊತ್ತಿಲ್ಲ. ಈ ತರಬೇತಿ ಅರ್ಪಿತಾಳಿಗೆ ಬರೀ ಬಡ್ತಿಯ ವಿಷಯವಾಗಿರಲಿಲ್ಲ. ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿತ್ತು.

ಅರ್ಜಿಯಲ್ಲಿ ಆನ್‌ಲೈನ್ ಖಾತೆಗಳನ್ನೆಲ್ಲ ತಿಳಿಸಿ, ಎಲ್ಲರಿಗೂ ಕಾಣುವಂತೆ ತೆರೆದಿಡಬೇಕಿತ್ತು. "ನಂದು ಇರೋದು ಒಂದೇ, ಹರ್ಷಿ ಕೂಸಾಗಿದ್ದಾಗಿನ ತಳ್ಳುಗಾಡಿ ಮಾರೋಕೆ ತೆಗೆದಿದ್ದು," ಎಂದು ನಗುತ್ತ ಅವಳು ಫೋನಿನಲ್ಲಿ ಅದರ ಬೀಗ ತೆಗೆದಳು.

ಮಾರನೆಯ ದಿನ ಕ್ಯಾಂಟೀನಿನಲ್ಲಿ ಜೊತೆಯ ಐರಿಷ್ ನರ್ಸ್ ಶಿವಾನ್ ಸೂಪಿನ ಬಟ್ಟಲು ಹಿಡಿದು ಎದುರಿಗೆ ಬಂದು ಕೂತಳು. "ಅರ್ಪಿತಾ, ನಿನಗೆ ಮಂಡಿನೋವು ಅಂತ ಯಾಕೆ ಹೇಳಲಿಲ್ಲ?"

"ಯಾರಿಗೆ? ನನಗಾ?"

"ನೀನೇ ಬರೆದಿದ್ದೀಯಲ್ಲ. ಬಸ್ ಸ್ಟ್ಯಾಂಡಿನಿಂದ ರಿಟೈರ್ ಆದೆ ಅಂತಲೂ ಬರೆದಿದ್ದೀಯ." ಶಿವಾನ್ ಫೋನನ್ನು ಮೇಜಿನ ಮೇಲೆ ತಳ್ಳಿದಳು. ನಗು ತಡೆಯಲಾಗುತ್ತಿರಲಿಲ್ಲ. "ನೆಬ್ರಾಸ್ಕಾದಲ್ಲಿ ರಸ್ತೆ ತಡೆಯೋದು ಯಾವಾಗ?"

ಅರ್ಪಿತಾ ನೋಡಿದಳು. ಯೂನಿಫಾರ್ಮಿನಲ್ಲಿ ನಗುತ್ತಿರುವ ತನ್ನ ಫೋಟೊ. ಪಕ್ಕದಲ್ಲಿ ತನ್ನ ಹೆಸರು. ಕೆಳಗೆ, ರಸ್ತೆಗೆ ಅಡ್ಡ ಕೂತುಬಿಡಿ, ಒಂದು ಗಾಡಿಯನ್ನೂ ಬಿಡಬೇಡಿ. ಅದರ ಕೆಳಗೆ ಯಾರ್ಯಾರೋ ಬರೆದಿದ್ದರು: ನೋಡಿ, ಹೊರದೇಶದಿಂದ ಕೂತು ನಮ್ಮ ರಸ್ತೆ ಮುಚ್ಚಿಸುತ್ತಿದ್ದಾರೆ. ಖೊಟ್ಟಿ ಖಾತೆ. ಇಂಥವರನ್ನು ಒಳಗೆ ಬಿಡಬಾರದು.

ಸೂಪು ಆರಿಹೋಯಿತು.

*

ಆ ಸಂಜೆ ಮುದ್ದೆ, ಅವರೆಕಾಳಿನ ಸಾರು. ಅರ್ಪಿತಾ ಕೋಟು ಬಿಚ್ಚದೆ ನಿಂತೇ ಇದ್ದಳು.

"ಮಾವ, ಆ ಟ್ಯಾಬ್ಲೆಟ್ಟಲ್ಲಿ ನೀವು ಓದ್ತಾ ಇದ್ರೋ, ಬರೀತಾ ಇದ್ರೋ?"

"ಎರಡೂವೆ," ಎಂದರು ಚಾಮರಾಜರು ಸಹಜವಾಗಿ. "ಯಾಕವ್ವ?"

"ಅದ್ರಲ್ಲಿ ತೆರೆದಿದ್ದಿದ್ದು ನನ್ನ ಖಾತೆ ಮಾವ! ಮೇಲ್ಗಡೆ ನನ್ನ ಹೆಸರು, ನನ್ನ ಫೋಟೊ. ನೀವು ಬರೆದಿದ್ದೆಲ್ಲ ನಾನು ಬರೆದ ಹಂಗೆ."

"ನಿನ್ನೆಸ್ರು ಐತೆ, ನೋಡ್ದೆ. ಡಬ್ಬಿ ನಿಂದು, ಅದಕ್ಕೆ ನಿನ್ನೆಸ್ರು. ಬಸ್ ಮೇಲೆ ಮಾಲೀಕರ ಹೆಸರು ಬರ್ಸಿರ್ತಾರೆ. ಒಳಗೆ ಕೂತು ಮಾತಾಡೋರೆಲ್ಲ ಮಾಲೀಕ್ರಾ?"

ಶಶಾಂಕ ಫೋನಿನಲ್ಲಿ ಓದುತ್ತಿದ್ದವನು ತಲೆಯ ಮೇಲೆ ಕೈಯಿಟ್ಟುಕೊಂಡ. "ಅಪ್ಪ! ರಸ್ತೆ ತಡೆ ಮಾಡಿ ಅಂತ ಬರೆದಿದ್ದೀರಲ್ಲ ಅಪ್ಪ. ಅಮೆರಿಕದೋರಿಗೆ! ಅವಳ ವೀಸಾ ಅಲ್ಲೇ ಐತೆ, ಅವರ ಕೈಯಲ್ಲಿ!"

"ರೂಟ್ ನಿಲ್ಲಿಸ್ತಾರೆ ಅಂದ್ಲು ಕಣೋ. ಇನ್ನೇನ್ ಹೇಳ್ಲಿ, ಮನೇಲಿ ಕೂತು ಅಳು ಅನ್ಲಾ?"

"ನಿಮಗ್ಯಾಕೆ ನೆಬ್ರಾಸ್ಕಾ ಬಸ್ಸು?"

"ನಿನಗ್ಯಾಕೆ ಐರ್ಲೆಂಡ್ ಕಂಪ್ಯೂಟ್ರು?"

"ತಾತ, ದಟ್ಸ್ ಗುಡ್," ಎಂದು ಹರ್ಷಿತಾ ಕಿಸಕ್ಕೆಂದಳು. ಅಮ್ಮನ ಮುಖ ನೋಡಿ ಸಾರಿಗೆ ಬೆರಳದ್ದಿದಳು.

"ಈಗಲೇ ಎಲ್ಲ ಡಿಲೀಟ್ ಮಾಡ್ತೀನಿ," ಎಂದ ಶಶಾಂಕ.

"ಬೇಡ ಶಶಿ. ಅರ್ಜಿ ಹಾಕಿ ಆಯ್ತು. ಈಗ ಅಳಿಸಿದ್ರೆ ಏನೋ ಮುಚ್ಚಿಡ್ತಿದಾಳೆ ಅಂತ ಆಗುತ್ತೆ."

"ಇಟ್ಟರೆ?"

"ಇಟ್ಟರೆ ನಾನು ಬಸ್ ಸ್ಟ್ಯಾಂಡಿಂದ ರಿಟೈರ್ ಆದೋಳು." ಅವಳು ಕೋಟು ಬಿಚ್ಚಿ ಕುರ್ಚಿಗೆ ಎಸೆದಳು. "ಸುಳ್ಳು ಖಾತೆ ಅಂತಾರೆ. ಸರಿಯಾಗೇ ಅಂತಾರೆ."

ಸಾವಿತ್ರಮ್ಮ ಮುದ್ದೆಯ ಪಾತ್ರೆಯನ್ನು ಕೆಳಗಿಟ್ಟರು. ಗಂಡನ ಜೊತೆ ಸೇರಿ ದಿನಾ ಪ್ರಶ್ನೆ ಕಳಿಸಿದವರು ಅವರೂ ಹೌದು. ಆದರೂ ಹೇಳಬೇಕಾದ್ದನ್ನು ಹೇಳಿದರು: "ಆಡಿದ್ದು ನೀವು. ಹೆಸರು ಅವ್ಳದು. ಒಳ್ಳೇದೇ ಆಡಿರಿ, ಅವ್ಳ ಬಾಯಿ ನೀವು ತಕ್ಕಂಡಂಗೆ ಆಗಲಿಲ್ವಾ?"

ಚಾಮರಾಜರು ಟ್ಯಾಬ್ಲೆಟ್ಟನ್ನು ಒರೆಸಿ, ಎದ್ದು, ಮೈಕ್ರೋವೇವಿನ ಮೇಲೆ ಇಟ್ಟು ಬಂದರು. ಅರ್ಪಿತಾ ಅದನ್ನು ತೆಗೆದು ಬಟ್ಟೆಯ ಕಪಾಟಿನಲ್ಲಿಟ್ಟಳು.

*

ನವೆಂಬರ್ ತಣ್ಣಗೆ ಒಳಗೆ ಬಂತು. ತಿಂಡಿಯ ಹೊತ್ತಿಗೆ "ಪ್ರಯಾಣಿಕರ ಗಮನಕ್ಕೆ" ಎಂಬ ದನಿ ಇಲ್ಲ. ಚಾಮರಾಜರು ಅಲಾರಮ್ಮಿಗೆ ಟೋಪಿ ಹಾಕುವರು, ತೆಗೆಯುವರು. ಬಿನ್ನುಗಳನ್ನು ಎಳೆದಿಡುವರು. ಮನೆ ಮುಂದಿನ ಒದ್ದೆ ಎಲೆಗಳನ್ನು ಗುಡಿಸಿ, ಪಕ್ಕದ ಮನೆಯವರದನ್ನೂ ಗುಡಿಸುವರು. ನಡೆದುಕೊಂಡು ಸ್ಟೇಷನ್ನಿಗೆ ಹೋಗಿ, ಡಬ್ಲಿನ್ ಕಡೆಯ ರೈಲು ಹೋಗುವುದನ್ನು ನೋಡಿ ಬರುವರು.

"ಟೈಮಿಗೆ ಬಂತಾ?" ಎಂದು ಸಾವಿತ್ರಮ್ಮ ಕೇಳುವರು.

"ತಡ."

"ಯಾರಿಗಾದ್ರೂ ಹೇಳಿದ್ರಾ?"

"ನನಗ್ಯಾಕೆ?"

ಆ ಮಾತು ಸಾವಿತ್ರಮ್ಮನಿಗೆ ಹಿಡಿಸಲಿಲ್ಲ. ಮದುವೆಯಾದಾಗಿನಿಂದ ಈ ಮನುಷ್ಯನ ಬಾಯಲ್ಲಿ 'ನನಗ್ಯಾಕೆ' ಎಂಬ ಮಾತು ಬಂದದ್ದೇ ಇಲ್ಲ. ಸಂತೆಯಲ್ಲಿ ಅಪರಿಚಿತರ ಮಗುವಿನ ಕೆಮ್ಮಿಗೂ ನಿಂತು ವಿಚಾರಿಸಿ, ಮನೆಗೆ ತಡವಾಗಿ ಬಂದು ಬೈಸಿಕೊಳ್ಳುತ್ತಿದ್ದವರು. ದೀಪದ ಮುಂದೆ ಕೂತಾಗ ಸಾವಿತ್ರಮ್ಮ ಸೊಸೆಯ ವೀಸಾವನ್ನೂ ಬೇಡಿಕೊಂಡರು, ಗಂಡನ ಬಾಯನ್ನೂ ಬೇಡಿಕೊಂಡರು. ಯಾವುದು ಮೊದಲು ಎಂದು ಮಾದಪ್ಪನಿಗೇ ಬಿಟ್ಟರು.

ವೀಸಾ ಸಂದರ್ಶನದ ದಿನ ಗೊತ್ತಾಯಿತು. ಅದರ ಹಿಂದಿನ ಭಾನುವಾರ, ಅರ್ಪಿತಾ ಇಸ್ತ್ರಿ ಮಾಡುತ್ತಿದ್ದಾಗ, ಚಾಮರಾಜರು ಬಂದು ಮೆಟ್ಟಿಲಿನ ಮೇಲೆ ಕೂತರು.

"ಒಂದ್ ಸಲ ಆ ಡಬ್ಬಿ ಕೊಡ್ತೀಯಾ ತಾಯಿ? ಒಂದೇ ಸಲ."

"ಅಪ್ಪ, ಸಾಕು," ಎಂದ ಶಶಾಂಕ ಸೋಫಾದಿಂದಲೇ.

"ನೀ ಸುಮ್ಕಿರು. ಅವ್ಳನ್ನ ಕೇಳ್ತಾ ಇವ್ನಿ." ಸೊಸೆಯ ಕಡೆ ತಿರುಗಿದರು. "ಕಂಟ್ರೋಲ್ ರೂಮಲ್ಲಿ ತಪ್ಪು ಅನೌನ್ಸ್ ಆಗೋದುಂಟು. ಮಾದಪ್ಪನ ಬೆಟ್ಟದ ಬಸ್ಸು ಅಲ್ಲೈತೆ ಅಂದಿರ್ತೀವಿ, ಅದು ಇಲ್ಲಿರುತ್ತೆ. ಆಗ ಮೈಕ್ ಆಫ್ ಮಾಡಿ ಕೂತ್ರೆ ಜನ ತಪ್ಪು ಬಸ್ ಹತ್ತೇ ಹತ್ತಾರೆ. ಬೇರೆಯೋರು ಬಂದು ಬೇರೆ ದನೀಲಿ ಹೇಳಿದ್ರೆ ಯಾವ್ದು ನಿಜ ಅಂತ ಗೊಂದಲ. ಯಾರು ತಪ್ಪು ಹೇಳಿದ್ರೋ ಅವ್ರೇ, ಅದೇ ಮೈಕಲ್ಲಿ, ಹಿಂದಿನ ಮಾತು ತಪ್ಪು ಅಂತ ಹೇಳ್ಬೇಕು. ಅದು ನಮ್ ಕೆಲಸದ ಪದ್ಧತಿ."

ಇಸ್ತ್ರಿ ಪೆಟ್ಟಿಗೆ ಉಸ್ಸೆಂದಿತು.

"ಮತ್ತೆ ಬರೆದ್ರೆ ಇನ್ನೂ ಕೆಡುತ್ತೆ ಅರ್ಪಿ," ಎಂದ ಶಶಾಂಕ. "ನಾನೇ ಒಂದು ನೀಟಾಗಿ ಬರೆದುಕೊಡ್ತೀನಿ. 'ಆದ ಅನಾನುಕೂಲಕ್ಕೆ ವಿಷಾದಿಸುತ್ತೇವೆ' ಅಂತ."

"ನಿನ್ನ ದನಿ ಅಲ್ಲಿ ಯಾರಿಗೂ ಗೊತ್ತಿಲ್ವಲ್ಲೋ," ಎಂದರು ಅಪ್ಪ.

ಅರ್ಪಿತಾ ಪ್ಲಗ್ ಕಿತ್ತಳು. ಸಂದರ್ಶನಕ್ಕೆ ಹಾಕಿಕೊಳ್ಳಬೇಕಾದ ನೀಲಿ ಕುರ್ತಾವನ್ನು ಹ್ಯಾಂಗರಿಗೆ ಹಾಕಿದಳು. ಮಾವನನ್ನು ನೋಡಿದಳು. ವಾರ್ಡಿನಲ್ಲಿ ಮಾತು ಕಳೆದುಕೊಂಡವರು ಹೀಗೇ ಕೂರುತ್ತಾರೆ, ಕೈಗಳನ್ನು ತೊಡೆಯ ಮೇಲೆ ಜೋಡಿಸಿಟ್ಟು. ಕಪಾಟಿಗೆ ಹೋಗಿ ಟ್ಯಾಬ್ಲೆಟ್ಟು ತಂದುಕೊಟ್ಟಳು.

"ಬರೀರಿ ಮಾವ. ಹಾಕೋ ಮುಂಚೆ ನಾನು ಓದ್ತೀನಿ."

ಚಾಮರಾಜರು ಕೈಕಾಲು ತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡು ಕೂತರು. ಬರೆಯಲು ಮಧ್ಯಾಹ್ನವೆಲ್ಲ ಹಿಡಿಯಿತು. ಅವರ ಇಂಗ್ಲಿಷಿನಲ್ಲಿದ್ದದ್ದು ಹೀಗೆ:

'ಪ್ರಯಾಣಿಕರು ದಯವಿಟ್ಟು ಗಮನಿಸಿ. ಈ ಹೆಸರಿನಿಂದ ಇದುವರೆಗೆ ಮಾತಾಡಿದವನು ಅರ್ಪಿತಾಳ ಮಾವ ಚಾಮರಾಜ. ಅರ್ಪಿತಾ ಇಲ್ಲಿ ಒಂದು ಮಾತನ್ನೂ ಆಡಿಲ್ಲ. ಅವಳು ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದಳು. ಹೆಸರು ಬಸ್ಸಿನ ಮಾಲೀಕರದು, ಮಾತು ಪ್ರಯಾಣಿಕನದು ಎಂದು ನಾನು ತಿಳಿದದ್ದು ತಪ್ಪು. ರಸ್ತೆಗೆ ಅಡ್ಡ ಕೂರಿ ಎಂದದ್ದು ನಮ್ಮ ಕಡೆಯ ಪದ್ಧತಿ. ನಿಮ್ಮ ಊರಿನ ಕಾನೂನು ವಿಚಾರಿಸದೆ ಹೇಳಿದ್ದೂ ತಪ್ಪು. ಮೊದಲ ಸಾಲಿನಲ್ಲಿ ಕೂರಿಸಿ ಎಂದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಾನು ಯಂತ್ರವಲ್ಲ. ಎಲ್ಲರ ಊಟ ಆಗಿದೆ ಎಂದು ಭಾವಿಸುತ್ತೇನೆ.'

ಶಶಾಂಕ ಓದಿದ. "ಕೊನೇ ಸಾಲು ತೆಗೀರಿ ಅಪ್ಪ."

"ಯಾಕೆ? ಅದ್ರಲ್ಲೇನು ಕಾನೂನು?"

"ಇಟ್ಸ್ ಗ್ರ್ಯಾಂಡ್, ಡ್ಯಾಡ್. ಲೀವ್ ಇಟ್," ಎಂದಳು ಹರ್ಷಿತಾ.

ಅರ್ಪಿತಾ ಎರಡು ಸಲ ಓದಿದಳು. ಒಂದು ಅಕ್ಷರವನ್ನೂ ಮುಟ್ಟಲಿಲ್ಲ. "ಹಾಕಿ ಮಾವ."

ಹಾಕಿದರು. ಯಾರು ಏನನ್ನುತ್ತಾರೆ ಎಂದು ನೋಡಲು ನಿಲ್ಲಲಿಲ್ಲ. ಟ್ಯಾಬ್ಲೆಟ್ಟು ಅವರ ಕೈಯಿಂದಲೇ ಕಪಾಟಿಗೆ ಹೋಯಿತು.

*

ಸಂದರ್ಶನದ ದಿನ ಅರ್ಪಿತಾ ಬೆಳಗ್ಗೆಯೇ ರೈಲು ಹತ್ತಿದಳು. ಸಾವಿತ್ರಮ್ಮ ಅವಳ ಚೀಲದ ಮೂಲೆಯಲ್ಲಿ ವಿಭೂತಿಯ ಪೊಟ್ಟಣ ಇಟ್ಟಿದ್ದರು. ರಾಯಭಾರ ಕಚೇರಿಯ ಗಾಜಿನಾಚೆ ಇದ್ದದ್ದು ಅವಳಿಗಿಂತ ಚಿಕ್ಕ ವಯಸ್ಸಿನ ಅಧಿಕಾರಿ. ಯಾವ ತರಬೇತಿ, ಎಷ್ಟು ಕಾಲ, ಮಗಳನ್ನು ಯಾರು ನೋಡಿಕೊಳ್ಳುತ್ತಾರೆ, ವಾಪಸು ಬಂದು ಏನು ಮಾಡುತ್ತೀರಿ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಆಮೇಲೆ ಯಾರೂ ಕೇಳದೆ ತಾನೇ ಹೇಳಿದಳು:

"ನನ್ನ ಖಾತೆಯಲ್ಲಿರೋ ಮಾತುಗಳು ನನ್ನ ಮಾವನವು. ಅವರು ಅಲ್ಲೇ ಬರೆದು ತಿಳಿಸಿದ್ದಾರೆ. ಅವರಿಗೆ ಜನರ ಬಗ್ಗೆ ಕುತೂಹಲ ಜಾಸ್ತಿ."

ಅಧಿಕಾರಿ ಪರದೆಯ ಕಡೆ ನೋಡಿದಳು. ಏನನ್ನೋ ಒತ್ತಿದಳು. ಅವಳ ಮುಖದಲ್ಲಿ ಏನಿತ್ತೋ, ಗಾಜಿನ ಹೊಳಪಿನಲ್ಲಿ ತಿಳಿಯಲಿಲ್ಲ.

ಸಂಜೆ ಅರ್ಪಿತಾ ಬಾಗಿಲು ತೆರೆದಾಗ ಮನೆಯವರೆಲ್ಲ ಮೇಜಿನ ಸುತ್ತ ಕೂತಿದ್ದರು. ತಟ್ಟೆಗಳಲ್ಲಿ ಮುದ್ದೆ, ಉಪ್ಸಾರು. ಯಾರೂ ಮುರಿದಿರಲಿಲ್ಲ.

"ಫೋನ್ ಯಾಕೆ ಎತ್ತಲಿಲ್ಲ?" ಶಶಾಂಕ ಎದ್ದು ನಿಂತ.

"ವಾರ್ಡಿಗೆ ಹೋಗಿ ಬಂದೆ. ಎದುರಿಗೇ ಹೇಳೋಣ ಅಂತ..." ಅವಳು ಬೂಟು ಬಿಚ್ಚಿದಳು. "ಕೊಟ್ರು. ಪಾಸ್‌ಪೋರ್ಟ್ ಇಟ್ಕೊಂಡಿದ್ದಾರೆ, ಸ್ಟ್ಯಾಂಪ್ ಮಾಡಿ ಕಳಿಸ್ತಾರೆ."

ಹರ್ಷಿತಾ ಕಿರುಚಿದಳು. ಸಾವಿತ್ರಮ್ಮ ದೇವರ ಕಡೆ ತಿರುಗಿ ಕೈಮುಗಿದರು. ಶಶಾಂಕ ಕುರ್ಚಿಯ ಮೇಲೆ ಕುಸಿದು ಕೂತ.

ಚಾಮರಾಜರು ಮೆಲ್ಲಗೆ ಕೇಳಿದರು: "ಓದಿದ್ರಾ?"

"ಏನನ್ನ ಮಾವ?"

"ನಾನ್ ಬರ್ದಿದ್ದು."

"ಗೊತ್ತಿಲ್ಲ ಮಾವ. ಒಂದು ಮಾತೂ ಆಡಲಿಲ್ಲ."

"ಆ," ಎಂದರು ಚಾಮರಾಜರು. ಸಂತೋಷದ ನಡುವೆಯೂ ಮುಖದಲ್ಲಿ ಸಣ್ಣದೊಂದು ನಿರಾಸೆ ಸುಳಿದದ್ದು ಎಲ್ಲರಿಗೂ ಕಂಡಿತು. "ಹೋಗ್ಲಿ ಬುಡು. ಅನೌನ್ಸ್ ಮಾಡೋದು ನಮ್ ಕೆಲಸ. ಕೇಳಿಸ್ಕಳೋದು ಅವ್ರಿಗೆ ಬಿಟ್ಟಿದ್ದು."

"ನೋಡಮ್ಮ, ಬೇಜಾರು ಬೇರೆ!" ಎಂದ ಶಶಾಂಕ. ಅಂದು ಆ ಮನೆಯಲ್ಲಿ ಎಷ್ಟೋ ವಾರಗಳ ಮೇಲೆ ಎಲ್ಲರೂ ಒಟ್ಟಿಗೆ ನಕ್ಕರು. ತಟ್ಟೆಗೆ ಕೈಹಾಕಿದರು.

ಅರ್ಪಿತಾ ಮುದ್ದೆ ಮುರಿದು ಸಾರಿಗೆ ಅದ್ದಿದಳು. ಬಾಯಿಯ ಹತ್ತಿರ ಕೊಂಡೊಯ್ದವಳು ನಿಲ್ಲಿಸಿದಳು.

"ಮಾವ, ಆ ಡಾರ್ಲೀನ್ ಬಸ್ಸು ಏನಾಯ್ತು?"

ಚಾಮರಾಜರು ತಲೆಯೆತ್ತಿದರು. "ನನಗೇನ್ ಗೊತ್ತವ್ವ? ಆವತ್ತಿಂದ ನೋಡಿಲ್ಲ."

"ಸಭೆ ಆಗಿರುತ್ತಲ್ವಾ?"

"ಆಗೇ ಇರ್ತದೆ. ಹೋದ ವಾರವೇ ಇತ್ತು."

"ಛೆ," ಎಂದಳು ಅರ್ಪಿತಾ. ತುತ್ತು ನುಂಗಿ, ಎದ್ದು, ಕೈ ತೊಳೆದು ಕಪಾಟಿಗೆ ಹೋದಳು.

"ಊಟ ಮುಗಿಸ್ಕಂಡ್ ಹೋಗ್ಬಾರ್ದಾ?" ಎಂದು ಸಾವಿತ್ರಮ್ಮ ಕೂಗಿದರು. ಅವರ ಕತ್ತೂ ಅತ್ತಲೇ ಉದ್ದವಾಗಿತ್ತು.

ಮೊದಲು ಹೊಸ ಖಾತೆ ತೆರೆಯಬೇಕಾಯಿತು. ಹೆಸರು ಚಾಮರಾಜ. "ಫೋಟೊ ತಾತ," ಎಂದು ಹರ್ಷಿತಾ ಫೋನು ಹಿಡಿದು ಎದುರಿಗೆ ನಿಂತಳು. ಅವರು ಎಡಗೈಯಲ್ಲಿ ತಲೆ ಸವರಿಕೊಂಡು, ಬಲಗೈಯ ಸಾರು ಕಾಣದಂತೆ ಬೆನ್ನ ಹಿಂದೆ ಇಟ್ಟುಕೊಂಡು, ಗುರುತಿನ ಚೀಟಿಗೆ ಕೂತವರಂತೆ ಬಿಗಿಯಾಗಿ ಕೂತರು. ಅರ್ಪಿತಾ ಪುಟ ತೆರೆದು ಓದತೊಡಗಿದಳು. ಅವರ ತಿದ್ದುಪಡಿಯ ಕೆಳಗೆ ಉದ್ದದ ಸಾಲು. ಒಬ್ಬ, ಬಾಟ್‌ಗಳು ಈಗ ಕ್ಷಮೆಯನ್ನೂ ಕೇಳುತ್ತವೆ ಎಂದು ಬರೆದಿದ್ದ. ಕಾಲು ಮುರಿದ ಬಡಗಿ, ಈ ಪುಟದಲ್ಲಿ ನನ್ನ ಕಾಲು ಹೇಗಿದೆ ಎಂದು ಕೇಳಿದವನು ಇವನೊಬ್ಬನೇ, ಯಂತ್ರವಾದರೂ ಇರಲಿ ಎಂದಿದ್ದ. ಸುಂಕದ ಜಗಳ ಎಂದಿನಂತೆ ನಡೆದಿತ್ತು.

"ಡಾರ್ಲೀನ್? ಡಾರ್ಲೀನ್ ಎಲ್ಲಿ?" ಸಾವಿತ್ರಮ್ಮ ಮಧ್ಯೆ ಬಾಯಿ ಹಾಕಿದರು.

"ಇಲ್ಲಿ. ಮೊನ್ನೆ ಬರೆದಿದ್ದಾರೆ." ಅರ್ಪಿತಾ ಪರದೆಯನ್ನು ಹತ್ತಿರ ಹಿಡಿದಳು. "'ಸಭೆ ಆಯಿತು. ಏನಾಯಿತು ಅಂತ ನಿಮಗೆ ಯಾರಿಗೂ ಹೇಳೋದಿಲ್ಲ. ಮೊದಲು ಕಂಟ್ರೋಲರಿಗೇ ಹೇಳೋದು. ಅವರು ಬಂದರೆ ತಿಳಿಸಿ.'"

ಎಲ್ಲರೂ ಚಾಮರಾಜರ ಕಡೆ ತಿರುಗಿದರು.

"ಅಲ್ಲೀಗ ಎಷ್ಟೊತ್ತು?" ಎಂದರು ಚಾಮರಾಜರು.

"ಮಧ್ಯಾಹ್ನ ಅಪ್ಪ."

"ಹಂಗಾರೆ ಬಸ್ಸು ನಿಲ್ಸಿ ಊಟಕ್ಕೆ ಕೂತಿರೋ ಹೊತ್ತು." ಕೈ ತೊಳೆದು ಬಂದು, ತಮ್ಮ ಹೆಸರಿನಲ್ಲಿ, ಒಂದೊಂದೇ ಅಕ್ಷರ ಒತ್ತಿ ಬರೆದರು: 'ಕಂಟ್ರೋಲರ್ ಬಂದಿದ್ದಾನೆ. ಊಟ ಆಯಿತಾ?'

ಉತ್ತರ ಬರುವುದಕ್ಕೆ ತಡವಾಗಲಿಲ್ಲ. ಅರ್ಪಿತಾ ಓದಿ ಹೇಳಿದಳು. "ನಂದು ಆಯ್ತು ಅಂತಿದ್ದಾರೆ ಮಾವ. ನಿಮ್ದು ಆಯ್ತಾ ಅಂತ ಕೇಳ್ತಿದ್ದಾರೆ. ಆಗಿದ್ರೆ ಹೇಳ್ತೀನಿ ಅಂತಾರೆ."

ಚಾಮರಾಜರ ಬೆರಳು 'ಆಯಿತು' ಎಂದು ಒತ್ತಲು ಹೋಯಿತು.

"ಏನೂಂದ್ರೆ," ಎಂದರು ಸಾವಿತ್ರಮ್ಮ. "ಈಗ ನಿಮ್ ಹೆಸರು ಐತೆ ಅಲ್ಲಿ. ತಟ್ಟೇಲಿ ಮುದ್ದೆ ಹಂಗೇ ಐತೆ."

ಬೆರಳು ನಿಂತಿತು. ಚಾಮರಾಜರು ಟ್ಯಾಬ್ಲೆಟ್ಟನ್ನು ಉಪ್ಪಿನಕಾಯಿ ಬಾಟಲಿಗೆ ಒರಗಿಸಿ, ತಟ್ಟೆ ಎಳೆದುಕೊಂಡು, ಮುದ್ದೆಯ ದೊಡ್ಡ ತುಂಡನ್ನೇ ಮುರಿದು ಸಾರಿನಲ್ಲಿ ಹೊರಳಿಸಿ ಗುಳುಂ ಎನ್ನಿಸಿದರು. ಇನ್ನೊಂದು ಮುರಿದರು. ಮಗ, ಸೊಸೆ, ಮೊಮ್ಮಗಳು ಮೂವರೂ ಅವರ ಗಂಟಲನ್ನೇ ನೋಡುತ್ತಿದ್ದರು.

"ನಿಧಾನಕ್ಕೆ ನುಂಗಿ," ಎಂದು ಸಾವಿತ್ರಮ್ಮ ನೀರಿನ ಲೋಟ ಸರಿಸಿದರು. "ಬಸ್ಸು ಎಲ್ಲೂ ಹೋಗಲ್ಲ."